ಒಂದೇ ದಾರಿ, ನಾಲ್ಕು ಕಾಲ: ಚಾರ್ಮಾಡಿಯ ಕಾಡುದಾರಿ ಕಲಿಸುವ ಪಾಠ

ಕೆಲವು ದಿನಗಳ ಹಿಂದೆ ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. "ಸರ್, ಪರೀಕ್ಷೆ ಮುಗಿದ ಮೇಲೆ ಒಬ್ಬನೇ ಬಂಡಾಜೆ ಕಡೆಯಿಂದ ಬಲ್ಲಾಳರಾಯನ ದುರ್ಗಕ್ಕೆ ಹತ್ತಬೇಕು ಅಂತ ಇದ್ದೇನೆ. ಬ್ಯಾಗಿನಲ್ಲಿ ಏನೆಲ್ಲ ಇರಬೇಕು?" ಎಂದು ಕೇಳಿದ.

ನಾನು ಅವನಿಗೆ ಮೂರು ಪ್ರಶ್ನೆ ಕೇಳಿದೆ. ಪರೀಕ್ಷೆ ಮುಗಿಯುವುದು ಯಾವ ತಿಂಗಳಲ್ಲಿ? ಆ ತಿಂಗಳಲ್ಲಿ ಮೇಲೆ ನೀರು ಎಲ್ಲಿರುತ್ತದೆ? ಎಷ್ಟು ಗಂಟೆಗೆ ಹಿಂದೆ ಬರುತ್ತೇನೆಂದು ಮನೆಯಲ್ಲಿ ಯಾರಿಗೆ ಹೇಳಿದ್ದೀ? ಮೊದಲನೆಯದಕ್ಕೆ ಉತ್ತರ ಬಂತು. ಎರಡನೆಯದಕ್ಕೆ ತಲೆ ಕೆರೆದುಕೊಂಡ. ಮೂರನೆಯದಕ್ಕೆ ತಲೆ ತಗ್ಗಿಸಿದ.

ಅವನಿಗೆ ಅಂದು ನಿಂತಲ್ಲೇ ಕೊಟ್ಟ ಉತ್ತರ ಸಾಕಾಗಲಿಲ್ಲ ಎನಿಸಿದ್ದರಿಂದ ಈ ಲೇಖನ. ಅವನಂಥ ಆಸೆ ಇನ್ನೂ ಹಲವರಲ್ಲಿ ಇದೆಯೆಂದು ನನಗೆ ಗೊತ್ತು. ಆ ಆಸೆ ತಪ್ಪಲ್ಲ. ನಮ್ಮ ತರಗತಿಯ ಕಿಟಕಿಯಿಂದ ಕಾಣುವ ನೀಲಿ ಗೋಡೆಯ ಮೇಲೇನಿದೆ ಎಂದು ಹದಿನೇಳರ ಹುಡುಗನಿಗೆ ಅನಿಸದಿದ್ದರೆ ಅದೇ ಚಿಂತೆಯ ವಿಷಯ. ಆದರೆ ಬ್ಯಾಗಿಗೆ ಏನು ಹಾಕಬೇಕು ಎಂಬುದು ಕೊನೆಯ ಪ್ರಶ್ನೆ. ಅದಕ್ಕಿಂತ ಮೊದಲು ಓದಬೇಕಾದ ಪಾಠ ಬೇರೆ ಇದೆ.

ನಮ್ಮ ಅಂಗಳದ ಘಟ್ಟ

ಉಜಿರೆ, ಮುಂಡಾಜೆ, ಕಕ್ಕಿಂಜೆ ದಾಟಿದರೆ ಚಾರ್ಮಾಡಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 73 ಹಾವಿನಂತೆ ಸುತ್ತುತ್ತ ಘಟ್ಟ ಹತ್ತಿ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರಕ್ಕೆ ಮುಟ್ಟುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಇದು ಒಂದು ಗಂಟೆಯ ಹಾದಿ. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದರೆ ಪ್ರಯಾಣ ಸಾರ್ಥಕ. ಆದರೆ ಆ ರಸ್ತೆಯ ಎರಡು ಬದಿಯಲ್ಲಿರುವುದು ಪಶ್ಚಿಮಘಟ್ಟದ ದಟ್ಟ ಕಾಡು. ಬಂಡಾಜೆ ಅರ್ಬಿ, ಬಲ್ಲಾಳರಾಯನ ದುರ್ಗ, ಶಿಶಿಲದ ಮೇಲಿನ ಅಮೇದಿಕಲ್ಲು, ಎತ್ತಿನ ಭುಜ ಎಲ್ಲವೂ ಈ ಮಲೆಯ ಸಾಲಿಗೇ ಸೇರಿದವು. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ.

ಕೆಳಗೆ ಅಡಿಕೆ ತೋಟ, ಅದರ ಮೇಲೆ ಎತ್ತರದ ಮರಗಳ ನಿತ್ಯಹರಿದ್ವರ್ಣ ಕಾಡು, ಇನ್ನೂ ಮೇಲೆ ಬೋಳು ಹುಲ್ಲುಗಾವಲು, ಹುಲ್ಲಿನ ಮಡಿಲಿನ ಕಣಿವೆಗಳಲ್ಲಿ ಶೋಲಾ ಕಾಡು. ಮಳೆಯ ನೀರನ್ನು ಈ ಹುಲ್ಲು ಮತ್ತು ಶೋಲಾ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಚಾರ್ಮಾಡಿ ಕಡೆಯಿಂದ ಇಳಿಯುವ ಮೃತ್ಯುಂಜಯ ಹೊಳೆ ಪಜಿರಡ್ಕದಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಬಂಟ್ವಾಳದಲ್ಲಿ, ಮಂಗಳೂರಿನಲ್ಲಿ ನಳ್ಳಿ ತಿರುಗಿಸಿದರೆ ಬರುವ ನೀರಿನಲ್ಲಿ ಈ ಕಾಡಿನ ಪಾಲಿದೆ. ಆದ್ದರಿಂದ ಇಲ್ಲಿ ಕಾಲಿಡುವವನು ಪ್ರವಾಸಿ ಮಾತ್ರವಲ್ಲ, ಋಣ ಇರುವವನು ಕೂಡ.

ಈ ಕಾಡಿನ ಒಂದು ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಒಂದೇ ದಾರಿ ವರ್ಷಕ್ಕೆ ನಾಲ್ಕು ದಾರಿಯಾಗುತ್ತದೆ. ಜನವರಿಯಲ್ಲಿ ನಡೆದು ಬಂದವನು ಜುಲೈಯಲ್ಲಿ "ನನಗೆ ದಾರಿ ಗೊತ್ತು" ಎಂದರೆ ಅವನಿಗೆ ಗೊತ್ತಿರುವುದು ಬೇರೆಯೇ ದಾರಿ.

ಮಳೆಗಾಲ: ದಾರಿಯೇ ಹೊಳೆಯಾಗುವ ಕಾಲ

ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ಅದು ಹಿಗ್ಗಿ ತಣ್ಣಗಾಗಿ, ಹೊತ್ತ ನೀರನ್ನು ಇಳಿಸುತ್ತದೆ. ಭೂಗೋಳದಲ್ಲಿ ಓದಿದ ಆರೋಹ ಮಳೆ ಇದೇ. ಆಟಿಯ ತಿಂಗಳಲ್ಲಿ ಬೆಳ್ತಂಗಡಿಯಲ್ಲಿ ಸಣ್ಣಗೆ ಹನಿಯುತ್ತಿರುವಾಗ ಮೇಲೆ ಆಕಾಶವೇ ಕಳಚಿ ಬೀಳುತ್ತಿರಬಹುದು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ, ಅದಕ್ಕೂ ಮೇಲಿನದು ಅತ್ಯಂತ ಭಾರೀ ಮಳೆ. ಮೊಬೈಲಿನಲ್ಲಿ ಬರುವ ಆರೆಂಜ್ ಅಲರ್ಟ್, ರೆಡ್ ಅಲರ್ಟ್‌ಗಳನ್ನು ನಾವು ಕಾಲೇಜಿಗೆ ರಜೆ ಇದೆಯೇ ಎಂದು ನೋಡಲು ಮಾತ್ರ ಬಳಸುತ್ತೇವೆ. ಅದು ಬೆಟ್ಟಕ್ಕೂ ಹೊಳೆಗೂ ಸಂಬಂಧಿಸಿದ ಎಚ್ಚರಿಕೆ.

2019ರ ಆಗಸ್ಟ್ ತಿಂಗಳನ್ನು ನಮ್ಮ ತಾಲೂಕಿನ ಯಾರೂ ಮರೆಯುವಂತಿಲ್ಲ. ಘಟ್ಟದ ರಸ್ತೆಯಲ್ಲಿ ಒಂದರ ಹಿಂದೆ ಒಂದು ಗುಡ್ಡ ಜರಿಯಿತು, ಸಂಚಾರ ನಿಂತಿತು. ಮೃತ್ಯುಂಜಯ ಹೊಳೆ ಮರದ ದಿಮ್ಮಿ, ಬಂಡೆ, ಕೆಸರು ಹೊತ್ತು ತಂದು ದಡದ ತೋಟಗಳಲ್ಲಿ ತುಂಬಿಸಿತು. ನೆರೆ ಇಳಿದ ಮೇಲೆ ಅಡಿಕೆ ಮರಗಳ ಬುಡದಲ್ಲಿ ಮೊಣಕಾಲೆತ್ತರ ಮರಳು. ಮಳೆ ನಿಂತು ಬಹಳ ತಿಂಗಳವರೆಗೂ ಘನ ವಾಹನಗಳಿಗೆ ಘಟ್ಟ ತೆರೆಯಲಿಲ್ಲ. ಎಷ್ಟೋ ವರ್ಷಗಳಿಂದ ನಿಂತಿದ್ದ ಗುಡ್ಡ ಒಂದು ಮಧ್ಯಾಹ್ನದಲ್ಲಿ ಇಳಿದುಬರಬಹುದು ಎಂಬುದು ಆಗ ನಮಗೆ ತಿಳಿಯಿತು.

ಹೊಳೆ ದಾಟುವ ವಿಷಯದಲ್ಲಿ ಭೌತಶಾಸ್ತ್ರ ನೆನಪಿಡಿ. ಹರಿಯುವ ನೀರು ಕಾಲನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ಅನುಗುಣ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೊಣಕಾಲಿನಷ್ಟೇ ನೀರೆಂದು ಇಳಿದವನನ್ನು ಅದು ಉರುಳಿಸಲು ಇಷ್ಟು ಸಾಕು. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಕೆಲವೇ ನಿಮಿಷದಲ್ಲಿ ತೊರೆಯನ್ನು ಏರಿಸಬಲ್ಲದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರಗಳು ವಾಲಿದರೆ, ನೆಲದೊಳಗೆ ಗುಡುಗಿದಂತೆ ಕೇಳಿದರೆ, ಮಳೆಯಲ್ಲೂ ತೊರೆಯ ನೀರು ಏಕಾಏಕಿ ಕಡಿಮೆಯಾದರೆ, ಮೇಲೆ ಮಣ್ಣು ಜರಿಯುತ್ತಿದೆ ಅಥವಾ ನೀರು ಕಟ್ಟಿ ನಿಂತಿದೆ ಎಂದು ತಿಳಿಯಬೇಕು. ಕಣಿವೆಯ ಗುಂಟ ಕೆಳಗೆ ಓಡಬಾರದು, ಪಕ್ಕದ ಏರಿಗೆ ಸರಿಯಬೇಕು.

ಜಿಗಣೆಗೆ ಹೆದರುವವರು ಬಹಳ ಮಂದಿ. ನಿಜವಾಗಿ ಅದು ಅಷ್ಟು ಅಪಾಯಕಾರಿಯಲ್ಲ. ಅದರ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೆ. ಹೆದರಬೇಕಾದದ್ದು ಜಿಗಣೆಗಲ್ಲ, ಜಾರುವ ಬಂಡೆಗೆ. ಮಳೆಗಾಲದ ಪಾಠ ಒಂದೇ ಸಾಲಿನದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟವನ್ನು ಕೆಳಗಿನಿಂದಲೇ ನೋಡಿ.

ಮಳೆ ಬಿಟ್ಟ ಮೇಲೆ: ಮಂಜು ಮತ್ತು ಸಿಡಿಲು

ಅಕ್ಟೋಬರ್ ಬಂದರೆ ಮಲೆ ಹಸುರು ತೊಳೆದಿಟ್ಟಂತೆ ಕಾಣುತ್ತದೆ. ಅರ್ಬಿಗಳು ತುಂಬಿ ಬೀಳುತ್ತಿರುತ್ತವೆ. ನೋಡಿದವರಿಗೆ ಈಗಲೇ ಹೊರಡಬೇಕು ಎನಿಸುವ ಕಾಲ ಇದು. ನನಗೂ ಹಾಗೆಯೇ ಅನಿಸಿತ್ತು.

ಮೂವತ್ತು ವರ್ಷದ ಹಿಂದಿನ ಮಾತು. ನಾನು ಆಗ ಪದವಿಯ ಮೊದಲ ವರ್ಷದಲ್ಲಿದ್ದೆ. ಉಜಿರೆಯಲ್ಲಿ ಗೆಳೆಯನ ಮನೆಗೆ ಹೋಗುತ್ತೇನೆಂದು ಉಮ್ಮನಿಗೆ ಹೇಳಿ, ಒಬ್ಬನೇ ಮಲೆ ಹತ್ತಿದೆ. ಕೈಯಲ್ಲಿ ಒಂದು ಬಾಟಲಿ ನೀರು, ಒಂದು ಪೊಟ್ಟಣ ಬಿಸ್ಕತ್ತು. ಮೇಲಿನ ಹುಲ್ಲುಗಾವಲು ತಲುಪುವಾಗ ಗಂಟೆ ಎರಡು ದಾಟಿತ್ತು. ಅರ್ಧ ಗಂಟೆ ಕುಳಿತು ಏಳುವಷ್ಟರಲ್ಲಿ ಮಂಜು ಬಂತು. ಹತ್ತು ಹೆಜ್ಜೆ ಆಚೆಯ ಕಲ್ಲು ಕಾಣುವುದಿಲ್ಲ. ದನದ ಜಾಡು, ಮನುಷ್ಯರ ಜಾಡು, ಕಡವೆಯ ಜಾಡು ಎಲ್ಲವೂ ಹುಲ್ಲಿನಲ್ಲಿ ಒಂದೇ ಥರ. ನಾಲ್ಕು ಗಂಟೆಗೆ ಗುಡುಗು ಸುರುವಾಯಿತು.

ಆಗ ನನಗೆ ನೀರಿನ ಸದ್ದು ಕೇಳಿಸಿತು. ಎಲ್ಲೋ ಓದಿದ ಮಾತು ನೆನಪಾಯಿತು: ದಾರಿ ತಪ್ಪಿದರೆ ನೀರಿನ ಜಾಡು ಹಿಡಿದು ಇಳಿ, ಊರು ಸಿಗುತ್ತದೆ. ತೊರೆಯ ಪಕ್ಕದಲ್ಲೇ ಬೇರು ಹಿಡಿದು, ಕಲ್ಲಿನಿಂದ ಕಲ್ಲಿಗೆ ಕುಳಿತು ಜಾರುತ್ತ ಇಳಿದೆ. ಮುಂದಿನ ಒಂದು ಕಲ್ಲಿನ ಮೇಲೆ ಕಾಲಿಡುವ ಮೊದಲು ಸದ್ದು ಬದಲಾದಂತೆ ಕೇಳಿತು. ಪಕ್ಕದಲ್ಲಿದ್ದ ನೀರಿನ ಸದ್ದು ಈಗ ಬಹಳ ಕೆಳಗಿನಿಂದ ಬರುತ್ತಿತ್ತು. ಮಂಜು ಒಂದು ಕ್ಷಣ ಸರಿಯಿತು. ಎದುರಿಗೆ ಕಲ್ಲು ಇರಲಿಲ್ಲ. ಮರಗಳ ತುದಿಗಳು ಕಾಲ ಕೆಳಗೆ ಇದ್ದವು.

ಅಲ್ಲಿಂದ ಹಿಂದೆ ಹತ್ತಿ, ಮರದ ಬೇರಿನ ಸಂದಿಯಲ್ಲಿ ನೆನೆದುಕೊಂಡು ರಾತ್ರಿ ಕಳೆದೆ. ಅಷ್ಟು ಉದ್ದದ ರಾತ್ರಿಯನ್ನು ಮತ್ತೆ ನೋಡಿಲ್ಲ. ಬೆಳಿಗ್ಗೆ ಕಾಡುತ್ಪತ್ತಿ ತರಲು ಬಂದ ಮಲೆಕುಡಿಯ ಹಿರಿಯರೊಬ್ಬರು ನನ್ನನ್ನು ಕಂಡು, ಬೈಯದೆ, ತಮ್ಮ ಮನೆಗೆ ಕರೆದುಕೊಂಡು ಹೋಗಿ ಕಣ್ಣ ಚಾಯ ಕೊಟ್ಟರು. ನನ್ನ ನೀರಿನ ಜಾಡಿನ ಬುದ್ಧಿವಂತಿಕೆ ಕೇಳಿ ಅವರು ಹೇಳಿದ್ದು ಇಷ್ಟೆ: "ನೀರು ಬೀಳುತ್ತದೆ ಮಗಾ, ಅದಕ್ಕೆ ಏನೂ ಆಗುವುದಿಲ್ಲ. ನೀನು ಬಿದ್ದರೆ?"

ಬಯಲುಸೀಮೆಯಲ್ಲಿ ನಿಜವಾಗುವ ಮಾತು ಘಟ್ಟದಲ್ಲಿ ಕೊಲ್ಲಬಹುದು. ಇಲ್ಲಿ ತೊರೆಗಳು ಊರಿಗೆ ಇಳಿಯುವ ಮೊದಲು ಅರ್ಬಿಯಾಗಿ ಧುಮುಕುತ್ತವೆ.

ಮನೆಗೆ ಬಂದಾಗ ಉಮ್ಮ ಜಗಲಿಯಲ್ಲಿ ಕುಳಿತಿದ್ದರು. ರಾತ್ರಿಯೇ ಗೆಳೆಯನ ಮನೆಗೆ ಆಳು ಹೋಗಿ ನಾನು ಅಲ್ಲಿಲ್ಲವೆಂದು ತಿಳಿದು ಬಂದಿತ್ತು. ಅಣ್ಣನೂ ನೆರೆಯವರೂ ಸೇತುವೆಯ ಬಳಿ, ಹೊಳೆಯ ಬದಿಯಲ್ಲಿ ಟಾರ್ಚ್ ಹಿಡಿದು ಹುಡುಕಿದ್ದರು. ಯಾರೂ ಮಲೆಯ ಕಡೆ ನೋಡಿರಲಿಲ್ಲ, ಏಕೆಂದರೆ ನಾನು ಹೇಳಿದ್ದ ಸುಳ್ಳಿನಲ್ಲಿ ಮಲೆ ಇರಲಿಲ್ಲ. ಉಮ್ಮ ಬೈಯಲಿಲ್ಲ. "ಊಟ ಮಾಡು" ಎಂದರು. ಆ ಮಾತನ್ನು ಇಂದಿಗೂ ನನ್ನಿಂದ ಮರೆಯಲಾಗುವುದಿಲ್ಲ.

ಸಿಡಿಲಿನ ಲೆಕ್ಕವನ್ನೂ ಇಲ್ಲೇ ಹೇಳುತ್ತೇನೆ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮಿಂಚು ಕಂಡು ಮೂವತ್ತು ಎಣಿಸುವ ಮೊದಲು ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಬೋಳು ಗುಡ್ಡದ ತುದಿಯಿಂದ, ಒಂಟಿ ಮರದ ಬುಡದಿಂದ ಕೂಡಲೇ ದೂರ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಮತ್ತೆ ಬಯಲಿಗೆ ಬರಬಾರದು.

ಚಳಿಗಾಲ: ಒಳ್ಳೆಯ ಕಾಲ, ಸಣ್ಣ ಹಗಲು

ಡಿಸೆಂಬರ್, ಜನವರಿ ನಡೆಯಲು ಅತ್ಯುತ್ತಮ. ಆಕಾಶ ತಿಳಿ, ತೊರೆಗಳಲ್ಲಿ ನೀರಿದೆ, ಜಾಡು ಒಣಗಿದೆ. ಆದರೆ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಸಂಜೆ ಆರು ದಾಟಿ ಕೆಲವೇ ನಿಮಿಷಕ್ಕೆ. ದಟ್ಟ ಮರಗಳ ಅಡಿಯಲ್ಲಿ ಅದಕ್ಕಿಂತ ಅರ್ಧ ಗಂಟೆ ಮೊದಲೇ ಕತ್ತಲು.

ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬವರು 1892ರಲ್ಲಿ ಕೊಟ್ಟದ್ದು. ಪ್ರತಿ ಐದು ಕಿಲೋಮೀಟರ್‌ಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ದಾರಿ ಎಂಟು ಕಿಲೋಮೀಟರ್, ಏರಿಕೆ 900 ಮೀಟರ್ ಎಂದು ಇಟ್ಟುಕೊಳ್ಳೋಣ. ನಡಿಗೆಗೆ 1.6 ಗಂಟೆ, ಏರಿಕೆಗೆ 1.5 ಗಂಟೆ, ಒಟ್ಟು 3.1 ಗಂಟೆ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ನಮ್ಮ ಕಾಡಿನ ಬೇರು, ಬಂಡೆ, ಬೆವರು ಸೇರಿಸಿದರೆ ಒಂದೂವರೆ ಪಟ್ಟು ಇಡಿ: ನಾಲ್ಕೂಮುಕ್ಕಾಲು ಗಂಟೆ. ಇಳಿಯಲು ಮೂರು ಗಂಟೆಗೂ ಹೆಚ್ಚು. ಬೆಳಿಗ್ಗೆ ಏಳಕ್ಕೆ ಹೊರಟರೆ ಮೇಲೆ ಮುಟ್ಟುವುದು ಹನ್ನೆರಡಕ್ಕೆ, ಒಂದು ಗಂಟೆಗೆ ಇಳಿದರೆ ಕೆಳಗೆ ನಾಲ್ಕೂವರೆಗೆ. ಹತ್ತು ಗಂಟೆಗೆ ಹೊರಟವನ ಲೆಕ್ಕ ನೀವೇ ಹಾಕಿ ನೋಡಿ.

ಹೀಗಾಗಿ ನಾನು ನನಗೊಂದು ನಿಯಮ ಮಾಡಿಕೊಂಡಿದ್ದೇನೆ. ಲುಹರ್ ನಮಾಝಿನ ಹೊತ್ತಿಗೆ ಎಲ್ಲಿದ್ದೇನೋ ಅಲ್ಲಿಂದ ಹಿಂದೆ. ತುದಿ ಇನ್ನು ಹತ್ತೇ ನಿಮಿಷದ ದೂರದಲ್ಲಿ ಕಾಣುತ್ತಿದ್ದರೂ ಹಿಂದೆ. ಅಸರಿನ ಹೊತ್ತಿಗೆ ಕಾಡಿನ ಅಂಚು ಕಾಣಬೇಕು, ಮಗ್ರಿಬ್‌ಗೆ ಮನೆಯ ದಾರಿಯಲ್ಲಿರಬೇಕು.

ಎತ್ತರ ಹೆಚ್ಚಿದಂತೆ ಪ್ರತಿ ಸಾವಿರ ಮೀಟರ್‌ಗೆ ಸುಮಾರು 6.5 ಡಿಗ್ರಿ ತಾಪ ಇಳಿಯುತ್ತದೆ. ಕೆಳಗೆ ಅಂಗಿ ಬೆವರಿನಲ್ಲಿ ಒದ್ದೆಯಾದವನು ಮೇಲೆ ಗಾಳಿಗೆ ಕುಳಿತರೆ ನಡುಗುತ್ತಾನೆ. ಒಂದು ಒಣ ಅಂಗಿ ಬ್ಯಾಗಿನಲ್ಲಿರುವುದು ಅದಕ್ಕೇ.

ಬೇಸಗೆ: ನೀರಿಲ್ಲದ ದಾರಿ

ಪರೀಕ್ಷೆ ಮುಗಿಯುವ ಮಾರ್ಚ್, ಏಪ್ರಿಲ್ ಬಗ್ಗೆ ಈಗ ನೋಡೋಣ. ಹುಲ್ಲು ಒಣಗಿ ಬಂಗಾರದ ಬಣ್ಣವಾಗಿರುತ್ತದೆ. ಒಂದು ಕಿಡಿ ಸಾಕು, ಗುಡ್ಡವೇ ಉರಿಯುತ್ತದೆ. ಬೆಂಕಿ ಗಾಳಿಯ ಜತೆ ಏರುದಾರಿಯಲ್ಲಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಜನವರಿಯಲ್ಲಿ ಕುಡಿದ ಅದೇ ತೊರೆ ಏಪ್ರಿಲ್‌ನಲ್ಲಿ ಬರಿಯ ಕಲ್ಲು. ಉಳಿದ ಒಂದೆರಡು ಗುಂಡಿಗಳ ನೀರು ಪ್ರಾಣಿಗಳ ಪಾಲಿನದು; ಸಂಜೆ ಅಲ್ಲಿಗೆ ಆನೆ, ಕಾಟಿ ಬರುತ್ತವೆ. ಆ ಹೊತ್ತಿಗೆ ನಾವು ಅಲ್ಲಿರಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದಷ್ಟು ಸಣ್ಣದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಆದರೆ 1982–83ರ ಸುಮಾರಿಗೆ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿಯೂ ಅದು ಜೋರಾಗಿ ಹಬ್ಬಿತ್ತು. ವೈರಸ್ಸನ್ನು ಹರಡುವುದು ಉಣ್ಣಿ. ಅದರ ಹಾವಳಿ ಹೆಚ್ಚು ಡಿಸೆಂಬರ್‌ನಿಂದ ಮೇ ತನಕ. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸುವುದು, ತರಗೆಲೆಯ ಮೇಲೆ ಕೂರದಿರುವುದು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು ಇವೇ ರಕ್ಷಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ಡಾಕ್ಟರರಿಗೆ ಮುಚ್ಚಿಡಬಾರದು.

ಹಾವಿನ ಮಾತು ಎಲ್ಲ ಕಾಲಕ್ಕೂ ಸೇರಿದ್ದು. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಒಬ್ಬನೇ ಇದ್ದು ಕಾಲಿಗೆ ಕಚ್ಚಿಸಿಕೊಂಡವನು ನಡೆಯದೆ ಆಸ್ಪತ್ರೆ ಸೇರುವುದು ಹೇಗೆ? ಒಂಟಿ ನಡಿಗೆಯ ನಿಜವಾದ ಬೆಲೆ ಅರ್ಥವಾಗುವುದು ಈ ಪ್ರಶ್ನೆಯಲ್ಲಿ.

ಹಾಗಾದರೆ ಒಬ್ಬನೇ ಹೋಗಬಾರದೇ?

ಮೊರಾಕ್ಕೊದ ಟ್ಯಾಂಜಿಯರ್‌ನಿಂದ 1325ರಲ್ಲಿ ಇಪ್ಪತ್ತೊಂದು ವರ್ಷದ ಇಬ್ನ್ ಬತೂತ ಹಜ್ ಯಾತ್ರೆಗೆ ಹೊರಟದ್ದು ಒಬ್ಬನೇ. ಮುಂದೆ ಅವನು ಸುಮಾರು 1342ರಲ್ಲಿ ನಮ್ಮ ಮಂಗಳೂರಿಗೂ ಬಂದು ಹೋದ. ಜಗತ್ತಿನ ದೊಡ್ಡ ಒಂಟಿ ಪಯಣಿಗ ಎಂದು ಅವನನ್ನು ನಾವು ನೆನೆಯುತ್ತೇವೆ. ಆದರೆ ಅವನ ಪ್ರವಾಸಕಥನ ಓದಿದವರಿಗೆ ಗೊತ್ತು, ಹೊರಟ ಕೆಲವೇ ದಿನಗಳಲ್ಲಿ ಅವನು ಜತೆಗಾರರನ್ನು ಕೂಡಿಕೊಂಡ. ದಾರಿಯಲ್ಲಿ ಜ್ವರ ಬಂದಾಗ ಬೀಳದಂತೆ ತನ್ನನ್ನು ಜೀನಿಗೆ ಕಟ್ಟಿಕೊಂಡು ಅವರೊಂದಿಗೇ ಸಾಗಿದ. ಟ್ಯೂನಿಸ್‌ನಲ್ಲಿ ಎಲ್ಲರಿಗೂ ಸ್ವಾಗತ ಸಿಕ್ಕಿ ತನ್ನನ್ನು ಮಾತಾಡಿಸುವವರಿಲ್ಲದಾಗ ಅತ್ತ. ಅಲ್ಲಿಂದ ಮುಂದೆ ಹಜ್ ಕಾಫಿಲಾದೊಂದಿಗೆ ನಡೆದ. ಮೂರು ದಶಕ ಅಲೆದವನಿಗೂ ಜತೆ ಬೇಕಾಯಿತು. ಅದನ್ನು ಬರೆಸಲು ಅವನಿಗೆ ನಾಚಿಕೆಯೂ ಆಗಲಿಲ್ಲ.

ಜತೆ ಇದ್ದ ಮಾತ್ರಕ್ಕೆ ಕ್ಷೇಮವೆಂದೂ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಗೆಳೆಯರ ಗುಂಪಿನೊಂದಿಗೆ ಕುಮಾರಪರ್ವತಕ್ಕೆ ಹೋದ ಬೆಂಗಳೂರಿನ ಯುವಕನೊಬ್ಬ ಇಳಿಯುವಾಗ ಗುಂಪಿನಿಂದ ತಪ್ಪಿ, ಕಾಡಿನಲ್ಲಿ ದಿನಗಳನ್ನು ಕಳೆದು, ಕೊನೆಗೆ ನೀರಿನ ಪೈಪು ಹೋದ ದಾರಿ ಹಿಡಿದು ಸುಬ್ರಹ್ಮಣ್ಯ ಸೇರಿದ. ಪೈಪು ಮನುಷ್ಯರು ಹಾಕಿದ್ದು, ಅದು ಮನುಷ್ಯರ ಕಡೆಗೇ ಹೋಗುತ್ತದೆ. ತೊರೆಗೆ ಆ ಕಟ್ಟುಪಾಡಿಲ್ಲ. ಹನ್ನೆರಡು ಮಂದಿ ಒಟ್ಟಿಗೆ ಹೋದರೂ ಎಣಿಸುವವರಿಲ್ಲದಿದ್ದರೆ ಹನ್ನೆರಡು ಮಂದಿ ಒಂಟಿಗರೇ.

ಆದ್ದರಿಂದ ನನ್ನ ಉತ್ತರ ಹೀಗಿದೆ. ಹದಿನೆಂಟು ತುಂಬುವ ತನಕ ಕಾಡಿಗೆ ಒಬ್ಬರೇ ಹೋಗುವ ಮಾತೇ ಬೇಡ, ಹಿರಿಯರೊಂದಿಗೆ ಹೋಗಿ. ಒಂದೇ ದಾರಿಯನ್ನು ಬೇರೆ ಬೇರೆ ತಿಂಗಳಲ್ಲಿ ದಾರಿ ಬಲ್ಲವರೊಂದಿಗೆ ನಡೆದು ಅದರ ಗುಣ ತಿಳಿಯಿರಿ. ಮುಂದೊಂದು ದಿನ ಒಬ್ಬರೇ ನಡೆಯುವ ಯೋಗ್ಯತೆ ಬಂದರೂ ನೆನಪಿಡಿ: ಒಬ್ಬನೇ ನಡೆಯುವುದು ಬೇರೆ, ಯಾರಿಗೂ ಹೇಳದೆ ಹೋಗುವುದು ಬೇರೆ. ಮೊದಲನೆಯದು ಧೈರ್ಯ ಇರಬಹುದು. ಎರಡನೆಯದು ಮನೆಯವರಿಗೆ ಮಾಡುವ ಅನ್ಯಾಯ.

ಹೊರಡುವ ಮೊದಲು ಒಂದು ಚೀಟಿ ಬರೆದು ಮನೆಯಲ್ಲಿಡಿ. ಯಾವ ದಾರಿ, ಎಲ್ಲಿಂದ ಹತ್ತುತ್ತೇನೆ, ಎಲ್ಲಿ ಇಳಿಯುತ್ತೇನೆ, ಜತೆಗೆ ಯಾರು, ಹಾಕಿದ ಬಟ್ಟೆಯ ಬಣ್ಣ, ಎಷ್ಟು ಗಂಟೆಗೆ ಫೋನ್ ಮಾಡುತ್ತೇನೆ, ಎಷ್ಟು ಗಂಟೆಯೊಳಗೆ ಮಾಡದಿದ್ದರೆ 112ಕ್ಕೆ ಕರೆ ಮಾಡಬೇಕು. ಅರ್ಧ ಪುಟ ಸಾಕು. ನನ್ನನ್ನು ಹುಡುಕಿದವರ ಕೈಯಲ್ಲಿ ಅಂಥ ಒಂದು ಚೀಟಿ ಇದ್ದಿದ್ದರೆ ಅವರು ಹೊಳೆಯಲ್ಲಿ ಹುಡುಕುತ್ತಿರಲಿಲ್ಲ.

ಅನುಮತಿ ಎಂಬ ಮೊದಲ ಹೆಜ್ಜೆ

ಈ ಮಲೆಗಳು ಮೀಸಲು ಅರಣ್ಯ. ಉತ್ತರದ ಭಾಗದಲ್ಲಿ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವುದು ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಜನ ನುಗ್ಗಿದ ಮೇಲೆ ಸರಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೊಂದಿಗೆ ಬುಕಿಂಗ್ ಆರಂಭವಾಯಿತು. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಪ್ರತಿ ಸಲವೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಬೆಂಕಿಯ ಕಾಲದಲ್ಲಿ, ಮಳೆಯ ಕಾಲದಲ್ಲಿ ದಾರಿ ಮುಚ್ಚುವುದು ಮೇಲೆ ಓದಿದ ಕಾರಣಗಳಿಗೇ. ಇಲಾಖೆಯ ಗೈಡ್‌ಗಳಲ್ಲಿ ಹಲವರು ಕಾಡಂಚಿನ ಊರಿನವರೇ. ಅವರಿಗೆ ಕೊಡುವ ಹಣ ಖರ್ಚಲ್ಲ, ಫೀಸು.

ಕೊನೆಗೆ, ಬ್ಯಾಗು

ಈಗ ಆ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಬರೋಣ. 60 ಕೆ.ಜಿ. ತೂಕದ ಹುಡುಗ 6 ಕೆ.ಜಿ. ಹೊತ್ತು 900 ಮೀಟರ್ ಏರಿದರೆ ಮಾಡುವ ಕೆಲಸ 66 × 9.8 × 900, ಅಂದರೆ ಸುಮಾರು 582 ಕಿಲೋಜೂಲ್; 139 ಕಿಲೋಕ್ಯಾಲರಿ. ನಮ್ಮ ಸ್ನಾಯುಗಳ ದಕ್ಷತೆ ನಾಲ್ಕನೇ ಒಂದರಷ್ಟು ಎಂದಿಟ್ಟರೂ ಏರಲು ಮಾತ್ರವೇ 550ಕ್ಕಿಂತ ಹೆಚ್ಚು ಕಿಲೋಕ್ಯಾಲರಿ ಬೇಕು. ಒಂದು ಪೊಟ್ಟಣ ಬಿಸ್ಕತ್ತು ಯಾಕೆ ಸಾಲದು ಎಂದು ಈಗ ತಿಳಿಯಿತಲ್ಲ?

ಮೂರು ಲೀಟರ್ ನೀರು, ಅದೇ ಮೂರು ಕೆ.ಜಿ. ಒಂದೆರಡು ಒಆರ್‌ಎಸ್ ಪೊಟ್ಟಣ. ಚಪಾತಿ, ಅವಲಕ್ಕಿ, ಬೆಲ್ಲ, ನೆಲಗಡಲೆ, ಖರ್ಜೂರ. ಅದರಲ್ಲಿ ಒಂದು ಹೊತ್ತಿನದು ತಿನ್ನದೆ ಉಳಿಸಲು. ಟಾರ್ಚ್ ಹಗಲಿನ ನಡಿಗೆಗೂ ಬೇಕು. ರೈನ್‌ಕೋಟ್, ಒಣ ಅಂಗಿ, ಬ್ಯಾಂಡೇಜು, ಸ್ವಲ್ಪ ಉಪ್ಪು. ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟ ನಕ್ಷೆ, ಏಕೆಂದರೆ ನೆಟ್‌ವರ್ಕ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತದೆ. ಜತೆಗೆ ಪವರ್ ಬ್ಯಾಂಕ್. ಒಂದು ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ನಿಲ್ಲಿಸಿ ಮತ್ತೆ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ಅಂತಾರಾಷ್ಟ್ರೀಯ ಸಂಕೇತ. ತಂದ ಪ್ಲಾಸ್ಟಿಕ್ ಹಿಂದೆ ತರಲು ಒಂದು ಚೀಲ.

ದಾರಿ ತಪ್ಪಿತೆಂದು ಅನಿಸಿದ ಕೂಡಲೇ ನಿಲ್ಲಿ. ಕುಳಿತು ನೀರು ಕುಡಿಯಿರಿ. ಕೊನೆಯ ಸಲ ದಾರಿ ಖಚಿತವಿದ್ದ ಜಾಗ ಯಾವುದು ಎಂದು ನೆನಪಿಸಿಕೊಳ್ಳಿ; ಅಲ್ಲಿಗೆ ಹಿಂದಿರುಗಲು ಸಾಧ್ಯವಾದರೆ ಮಾತ್ರ ನಡೆಯಿರಿ. ಇಲ್ಲದಿದ್ದರೆ ಅಲ್ಲೇ ಇದ್ದು ಸೀಟಿ ಊದಿ. ಚೀಟಿ ಬರೆದಿಟ್ಟವನಿಗೆ ಕಾಯುವ ಧೈರ್ಯ ಇರುತ್ತದೆ, ಏಕೆಂದರೆ ಹುಡುಕುವವರು ಬರುತ್ತಾರೆಂದು ಅವನಿಗೆ ಗೊತ್ತು.

ಆ ವಿದ್ಯಾರ್ಥಿ ಮೊನ್ನೆ ಮತ್ತೆ ಬಂದಿದ್ದ. ಮಾರ್ಚ್‌ನ ಯೋಜನೆ ಬಿಟ್ಟಿದ್ದಾನಂತೆ. ಮುಂದಿನ ಮಳೆಗಾಲ ಕಳೆದು ಡಿಸೆಂಬರ್‌ನಲ್ಲಿ, ಅನುಮತಿ ಪಡೆದು, ಮಾವನೊಂದಿಗೆ ಹೋಗುತ್ತಾನಂತೆ. ಅಷ್ಟರವರೆಗೆ ಪ್ರತಿ ತಿಂಗಳು ಒಂದು ಸಲ ಕಕ್ಕಿಂಜೆಯಿಂದ ಮಲೆಯನ್ನು ನೋಡಿ, ಮಂಜು ಎಷ್ಟು ಗಂಟೆಗೆ ಇಳಿಯುತ್ತದೆ, ಹೊಳೆಯ ನೀರು ಯಾವ ಕಲ್ಲಿನವರೆಗೆ ಇದೆ ಎಂದು ನೋಟ್ ಪುಸ್ತಕದಲ್ಲಿ ಬರೆಯಲು ಸುರುಮಾಡಿದ್ದಾನೆ. ಮೊದಲ ಪುಟ ನನಗೆ ತೋರಿಸಿದ. ಅದರ ಮೇಲ್ಭಾಗದಲ್ಲಿ ಅವನ ಉಮ್ಮನ ಫೋನ್ ನಂಬರ್ ಬರೆದಿತ್ತು.

ಯೋಚಿಸಿ, ಉತ್ತರಿಸಿ

1. ದಾರಿ ಹತ್ತು ಕಿಲೋಮೀಟರ್, ಏರಿಕೆ 750 ಮೀಟರ್. ನೇಸ್ಮಿತ್ ಸೂತ್ರದಂತೆ ಏರಲು ಎಷ್ಟು ಹೊತ್ತು? ಒಂದೂವರೆ ಪಟ್ಟು ಇಟ್ಟರೆ, ಹನ್ನೆರಡು ಗಂಟೆಯೊಳಗೆ ಮೇಲಿರಲು ಎಷ್ಟು ಗಂಟೆಗೆ ಹೊರಡಬೇಕು?
2. ಮಿಂಚು ಕಂಡು 12 ಸೆಕೆಂಡಿನ ನಂತರ ಗುಡುಗು ಕೇಳಿತು. ಸಿಡಿಲು ಎಷ್ಟು ದೂರದಲ್ಲಿದೆ? ನೀವು ಏನು ಮಾಡುತ್ತೀರಿ?
3. ಘಟ್ಟದಲ್ಲಿ ತೊರೆಯ ಜಾಡು ಹಿಡಿದು ಇಳಿಯುವುದು ಏಕೆ ಅಪಾಯ?
4. ನಿಮ್ಮ ಮನೆಯಿಂದ ಕಾಣುವ ಒಂದು ಗುಡ್ಡವನ್ನು ಆರಿಸಿ. ಅದು ನಾಲ್ಕು ಕಾಲದಲ್ಲಿ ಹೇಗೆ ಬದಲಾಗುತ್ತದೆಂದು ಮನೆಯ ಹಿರಿಯರಲ್ಲಿ ಕೇಳಿ ಒಂದು ಪುಟ ಬರೆಯಿರಿ.